ಕಷ್ಟದ ಮಾತಿನ ತರಬೇತಿ

“ಬೇಸಿಗೆಗೆ ನಿಮ್ಮ ಕರಾರು ಮುಗಿಯುತ್ತೆ ರಬ್ಬಿ. ಅದನ್ನ ಮುಂದುವರಿಸೋದು ಬೇಡ ಅಂತ ಮಂಡಳಿ ತೀರ್ಮಾನ ಮಾಡಿದೆ,” ಎಂದ ಮಾರ್ಟಿ, ನೆಲ ನೋಡುತ್ತ.

ತಿರ್ಜಾಗೆ ನಗು ಬಂತು. ಯೆಹೂದಿ ಧರ್ಮಗುರುಗಳಾದ ರಬ್ಬಿಗಳಿಗೆ ನಾಯಕತ್ವ ಕಲಿಸುವ ಶಿಬಿರವದು. ಪೆನ್ಸಿಲ್ವೇನಿಯಾದ ಗುಡ್ಡದ ಮೇಲಿನ ಹೋಟೆಲಿಗೆ ಒಂದೊಂದು ಸಿನಗಾಗಿನಿಂದಲೂ, ಅಂದರೆ ಪ್ರಾರ್ಥನಾ ಮಂದಿರದಿಂದಲೂ, ರಬ್ಬಿ ಮತ್ತು ಆಡಳಿತ ಮಂಡಳಿಯ ಅಧ್ಯಕ್ಷ ಜೊತೆಯಾಗಿ ಬಂದಿದ್ದರು. ರಬ್ಬಿ ತಿರ್ಜಾಳ ಜೊತೆ ಬಂದ ಅಧ್ಯಕ್ಷ ಮಾರ್ಟಿ. ಊಟವಾದ ಮೇಲೆ ತರಬೇತುದಾರ ಗ್ರೆಗ್, ಕಷ್ಟದ ಮಾತನ್ನು ನಯವಾಗಿ ಆಡುವ ಅಭ್ಯಾಸ ಶುರು ಮಾಡಿದ್ದ. ಇಬ್ಬಿಬ್ಬರು ಎಲ್ಲರ ನಡುವೆ ಎದುರುಬದುರು ಕೂತು, ಯಾವುದಾದರೂ ಸಂದರ್ಭ ಕಲ್ಪಿಸಿಕೊಂಡು ಮಾತಾಡಬೇಕು. ಹಿಂದಿನ ಜೋಡಿ, ಸ್ವರ ಹಿಡಿಯಲಾಗದ ಗಾಯಕನೊಬ್ಬನನ್ನು ಪ್ರಾರ್ಥನೆಯ ಹಾಡಿನಿಂದ ಬಿಡಿಸುವುದನ್ನು ಆಡಿತೋರಿಸಿ ಎಲ್ಲರನ್ನೂ ನಗಿಸಿತ್ತು. ಮಾರ್ಟಿಯದೂ ಅಂಥದ್ದೇ ಆಟ ಎಂದುಕೊಂಡಳು.

ಆದರೆ ಮಾರ್ಟಿ ನಗಲಿಲ್ಲ. ಹೊಸದಾಗಿ ಮದುವೆಯಾದವರು ಸಿನಗಾಗಿಗೆ ಬರುತ್ತಿಲ್ಲ, ಬೇರೆ ಮುಖ ಬೇಕಾಗಿದೆ ಎಂದ. ಸಿನಗಾಗಿನ ಬರ್ನಿ ಸಾಯುತ್ತ ಮಲಗಿದ್ದಾಗ ಆಸ್ಪತ್ರೆಗೆ ಓಡಿ ಅವಳು ಮಂಡಳಿಯ ಸಭೆ ತಪ್ಪಿಸಿದ್ದನ್ನೂ ಎತ್ತಿದ. ಬರ್ನಿ ಕಲ್ಪನೆಯ ಮನುಷ್ಯನಲ್ಲ. ಹೋದ ಚಳಿಗಾಲ ಅವನ ಉಸಿರು ನಿಲ್ಲುವವರೆಗೂ ತಿರ್ಜಾ ಪಕ್ಕದಲ್ಲಿ ಕೂತಿದ್ದಳು.

“ಮಾರ್ಟಿ, ಇದು ಆಟ ತಾನೆ?”

ಅವನ ಕಿವಿಗಳು ಕೆಂಪಾದವು. ಈ ವಿಷಯ ಹೇಗೆ ಹೇಳುವುದೆಂದು ಬೆಳಿಗ್ಗೆ ಕಾಫಿ ಕುಡಿಯುವಾಗ ಗ್ರೆಗ್‌ನನ್ನು ಕೇಳಿದ್ದನಂತೆ. ಇಲ್ಲಿ ಎಲ್ಲರೂ ತಿಳಿದವರು, ಇಲ್ಲೇ ಹೇಳಿಬಿಟ್ಟರೆ ಇಬ್ಬರಿಗೂ ಹಗುರ ಎಂದು ಗ್ರೆಗ್‌ನೇ ಅಂದನಂತೆ. ವಿಷಯ ತಿಳಿಯದ ಹಿಂದಿನ ಸಾಲಿನ ರಬ್ಬಿಯೊಬ್ಬ, ಎಷ್ಟು ಸಹಜವಾಗಿ ಮಾಡ್ತಿದ್ದಾರೆ ಎಂದು ಚಪ್ಪಾಳೆ ತಟ್ಟಿದ. ಗ್ರೆಗ್ ಮೆಲ್ಲಗೆ, ಮುಂದಿನ ಹೆಜ್ಜೆ ಅಂತ ಮಾರ್ಟಿಗೆ ನೆನಪಿಸಿದ. ಮುಂದಿನ ಹೆಜ್ಜೆ ಎಂದರೆ ಎದುರಿನವರ ಮರ್ಯಾದೆ ಉಳಿಸುವುದು. ತಮ್ಮ ತಾಯಿಯನ್ನು ನೋಡಿಕೊಳ್ಳಲು ರಬ್ಬಿ ತಾವಾಗಿಯೇ ಶಿಕಾಗೋಗೆ ಹೊರಟಿದ್ದಾರೆ ಎಂದು ಎಲ್ಲರಿಗೂ ಹೇಳೋಣ, ಒಳ್ಳೆ ಔತಣ ಕೊಟ್ಟು ಕಳಿಸೋಣ ಎಂದ ಮಾರ್ಟಿ.

ತಿರ್ಜಾಳ ಮೈಯೆಲ್ಲ ಉರಿದುಹೋಯಿತು. ಹಿಮ ಬಿದ್ದು ದಾರಿ ಮುಚ್ಚಿದ್ದಾಗ ಈ ಮಾರ್ಟಿಯ ತಾಯಿ ತೀರಿಕೊಂಡಿದ್ದಳು. ನೆರೆಯ ಇಬ್ಬರು ಹೆಂಗಸರ ಜೊತೆ ಸೇರಿ ಆ ದೇಹಕ್ಕೆ ನೀರೆರೆದು, ಬಿಳಿ ನಾರುಬಟ್ಟೆ ಉಡಿಸಿ, ಸೊಂಟದ ಗಂಟು ಕಟ್ಟಿದ್ದು ಇದೇ ಕೈ. ಆ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಸತ್ತವರಿಗೆ ಮಾಡಿದ್ದನ್ನು ಬದುಕಿರುವವರ ಮುಖಕ್ಕೆ ಹಿಡಿಯಬಾರದು. ನುಂಗಿದ್ದಕ್ಕೆ ಸಿಟ್ಟು ಇನ್ನಷ್ಟು ಹೊತ್ತಿಕೊಂಡಿತು.

“ಒಂದು ಉದ್ದ ಉಸಿರು ತಗೊಳ್ಳಿ ರಬ್ಬಿ,” ಎಂದ ಗ್ರೆಗ್. “ಏನನ್ನಿಸ್ತಿದೆ, ನಮ್ಮ ಜೊತೆ ಹಂಚಿಕೊಳ್ಳಿ.”

ಅವಳು ಅವನತ್ತ ತಿರುಗಲೂ ಇಲ್ಲ. “ನಮ್ಮಮ್ಮ ಗುಂಡುಕಲ್ಲಿನ ಹಾಗಿದ್ದಾಳೆ ಮಾರ್ಟಿ. ಈಗಲೂ ಈಜೋಕೆ ಹೋಗ್ತಾಳೆ. ನಿಮ್ಮ ಅನುಕೂಲಕ್ಕೆ ಅವಳನ್ನ ಹಾಸಿಗೆ ಹಿಡಿಸಬೇಡಿ.”

ಈಗ ಸಭಾಂಗಣದಲ್ಲಿ ಯಾರೂ ನಗುತ್ತಿರಲಿಲ್ಲ. ಚಪ್ಪಾಳೆ ತಟ್ಟಿದ್ದ ರಬ್ಬಿ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡಿದ್ದ. ತಿರ್ಜಾ ಎದ್ದು ಕೋಟು ತೊಟ್ಟಳು. ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು.

“ಶನಿವಾರದ ಪ್ರಾರ್ಥನೇಲಿ ತೋರಾ ಗ್ರಂಥ ಓದಿ ಮುಗಿದ ಮೇಲೆ ನಾನು ಪ್ರವಚನ ಮಾಡಲ್ಲ. ನೀವು ವೇದಿಕೆಗೆ ಬನ್ನಿ. ನನ್ನನ್ನ ತೆಗೀತಿದ್ದೀವಿ ಅಂತ, ಯಾಕೆ ತೆಗೀತಿದ್ದೀವಿ ಅಂತ, ನಿಮ್ಮ ಬಾಯಿಂದಲೇ ಹೇಳಿ. ನಾನು ಪಕ್ಕದಲ್ಲೇ ನಿಂತಿರ್ತೀನಿ.”

“ಅಷ್ಟೂ ಜನರ ಮುಂದೆ ಹೆಂಗೆ ಹೇಳೋದು ರಬ್ಬಿ?” ಎಂದ ಮಾರ್ಟಿ.

“ಗಟ್ಟಿಯಾಗಿ ಹೇಳಿ,” ಎಂದಳು ತಿರ್ಜಾ. “ಕೊನೇ ಸಾಲಲ್ಲಿ ಕೂರೋ ಅಜ್ಜಿಯರಿಗೆ ಕಿವಿ ಸ್ವಲ್ಪ ಮಂದ.”