ಫೇಲಾಗುವ ಪರೀಕ್ಷೆ

ಹತ್ತಿ ಸುತ್ತಿದ ಕಡ್ಡಿ ಹಿಡಿದು ನರ್ಸ್ ಎದುರಿಗೆ ನಿಂತಿದ್ದಳು. ಕಾಂಪೌಂಡರ್ ಬಾಯಿ ತೆರೆಯಲಿಲ್ಲ.

"ನೋವಾಗಲ್ಲ ಸರ್. ಕೆನ್ನೆ ಒಳಗೆ ಒಂದು ಸಲ ಸವರೋದು, ಅಷ್ಟೇ."

ನೋವಾಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟವರು. ಊಟ ಮಾಡಿ ಅರ್ಧ ಗಂಟೆಯೂ ಆಗಿಲ್ಲ, ಇನ್ನೊಂದು ದಿನ ಬರುತ್ತೇನೆ ಎಂದು ಎದ್ದರು. ಹಿಂದಿನ ವಾರ ಜ್ವರದ ನೆಪ ಹೇಳಿದ್ದರು. ಹೆಂಡತಿ ಆಗಲೇ ತನ್ನದನ್ನು ಕೊಟ್ಟು ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವರ ಹಿಂದೆಯೇ ಮೆಟ್ಟಿಲಿಳಿದಳು.

ಮಗಳು ದೂರದ ದೇಶದಲ್ಲಿ ಟ್ರಾಮ್ ಓಡಿಸುತ್ತಾಳೆ. ಗಂಡನಿಂದ ಬೇರೆಯಾಗಿದ್ದಾಳೆ, ಕೈಯಲ್ಲಿ ಒಂದೂವರೆ ವರ್ಷದ ಕೂಸು. ಬೆಳಗಿನ ಪಾಳಿಗೆ ಹೋಗುವಾಗ ಕೂಸನ್ನು ದಿನಕ್ಕೊಬ್ಬರ ಮನೆಯಲ್ಲಿ ಬಿಡಬೇಕು. ಅಪ್ಪ ಅಮ್ಮನನ್ನು ಕಾಯಂ ಆಗಿ ಕರೆಸಿಕೊಳ್ಳಲು ಅಲ್ಲಿಯವರು ಇಷ್ಟು ವರಮಾನ ಇರಲೇಬೇಕು ಎನ್ನುತ್ತಾರೆ. ಅದಕ್ಕಾಗಿ ಒಂದು ವರ್ಷ ರಜೆಯ ದಿನದ ಪಾಳಿಗಳನ್ನೆಲ್ಲ ತಾನೇ ಕೇಳಿ ಹಾಕಿಸಿಕೊಂಡಳು. ಇಬ್ಬರ ಹೆಸರಿನಲ್ಲೂ ಆರೋಗ್ಯ ವಿಮೆ ಮಾಡಿಸಿದಳು. ಇಲ್ಲಿ ಇವರು ಮನೆ ಮಾರಲು ಮುಂಗಡ ತೆಗೆದುಕೊಂಡಾಗಿತ್ತು. ಪಿಂಚಣಿ ಅಲ್ಲಿಗೆ ಬರುವ ಏರ್ಪಾಡೂ ಆಗಿತ್ತು. ಇನ್ನೇನು ಮುಗಿಯಿತು ಅನ್ನುವಾಗ ವೀಸಾ ಕಚೇರಿಯಿಂದ ಪತ್ರ ಬಂತು. ಮಗಳ ಜನನವನ್ನು ಹುಟ್ಟಿದ ಐದು ವರ್ಷದ ನಂತರ ನೋಂದಾಯಿಸಲಾಗಿದೆ. ಆದ್ದರಿಂದ ರಕ್ತಸಂಬಂಧಕ್ಕೆ ಡಿಎನ್‌ಎ ಪರೀಕ್ಷೆ ಆಗಬೇಕು. ತಂದೆಯನ್ನೂ ತಾಯಿಯನ್ನೂ ಬೇರೆಬೇರೆಯಾಗಿ ಪರಿಗಣಿಸಲಾಗುವುದು.

ಆ ದಿನ ಮನೆಯಲ್ಲಿ ಒಲೆ ಹತ್ತಲಿಲ್ಲ.

ಮದುವೆಯಾಗಿ ಒಂಬತ್ತು ವರ್ಷ ಅವರಿಗೆ ಮಕ್ಕಳಾಗಿರಲಿಲ್ಲ. ಹೆಂಡತಿ ಊರವರ ಮಕ್ಕಳಿಗೆಲ್ಲ ಅಂಗಿ ಹೊಲಿದುಕೊಡುತ್ತಿದ್ದಳು. ಒಂದು ಸಂಜೆ ಕಾಂಪೌಂಡರ್ ಆಸ್ಪತ್ರೆಯ ಚಾದರದಲ್ಲಿ ಸುತ್ತಿದ ಹೆಣ್ಣುಕೂಸನ್ನು ತಂದು ಅವಳ ಮಡಿಲಿಗಿಟ್ಟರು. ತಾಯಿ ಹೆರಿಗೆಯಲ್ಲೇ ಹೋದಳು, ಹಿಂದೆಮುಂದೆ ಯಾರೂ ಇಲ್ಲ ಎಂದರು. ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೂಸಿನ ಮುಖವನ್ನು ಬಹಳ ಹೊತ್ತು ನೋಡಿ, ಹಾಲು ಕಾಯಿಸಲು ಎದ್ದಳು.

ಕಾಂಪೌಂಡರ್ ವರ್ಗ ಮಾಡಿಸಿಕೊಂಡರು. ಹೊಸ ಊರಿನವರಿಗೆ ಅವರೇ ಅಪ್ಪ, ಅವಳೇ ಅಮ್ಮ. ಶಾಲೆಗೆ ಸೇರಿಸುವ ಹೊತ್ತಿಗೆ ಪರಿಚಯದ ಗುಮಾಸ್ತನ ಕೈಯಲ್ಲಿ ಜನನ ಪತ್ರ ಬರೆಸಿದ್ದಾಯಿತು. ದತ್ತು ತೆಗೆದುಕೊಂಡದ್ದಕ್ಕೆ ಒಂದು ಚೂರು ಕಾಗದವಿರಲಿಲ್ಲ. ಮಗಳಿಗೆ ಇದಾವುದೂ ಗೊತ್ತಿರಲಿಲ್ಲ.

"ಅವಳಿಗೆ ಹೇಳಿಬಿಡೋಣ," ಎಂದಳು ಹೆಂಡತಿ, ನರ್ಸ್‌ನ ಬಳಿಯಿಂದ ಮನೆಗೆ ನಡೆಯುತ್ತ.

"ಈ ವಯಸ್ಸಲ್ಲಿ ಮಾನ ಹರಾಜು ಹಾಕ್ಕೋಬೇಕಾ?"

"ಯಾರ ಮಾನ?" ಎಂದಳಷ್ಟೇ.

ಭಾನುವಾರ ಫೋನಿನಲ್ಲಿ ಅವಳೇ ಮಗಳಿಗೆ ಎಲ್ಲ ಹೇಳಿದಳು. ಕಾಂಪೌಂಡರ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಕಿವಿ ಸುಡುತ್ತಿತ್ತು. ಆ ಕಡೆಯಿಂದ ಕೂಸು ತಟ್ಟೆ ಬಡಿಯುವ ಸದ್ದು ಕೇಳಿಸಿತು. ಆಮೇಲೆ ಮಗಳು ತನಗೇನೂ ಸಿಟ್ಟಿಲ್ಲ, ಅಳು ಬರುತ್ತಿದೆ ಅಷ್ಟೇ, ನೀವಿಬ್ಬರೂ ಹೇಗಾದರೂ ಬಂದುಬಿಡಿ ಎಂದಳು. ಕೊನೆಗೆ ಕೇಳಿದಳು:

"ಅಮ್ಮಾ, ನನ್ನ ಹೆತ್ತವರು ಯಾರು ಅಂತ ಗೊತ್ತಾ?"

ಹೆಂಡತಿ ಗಂಡನತ್ತ ನೋಡಿದಳು. ಅವರು ಇಲ್ಲವೆಂದು ತಲೆಯಾಡಿಸಿದರು.

"ಗೊತ್ತಿಲ್ಲ ಅಂತಾರೆ ನಿಮ್ಮಪ್ಪ," ಎಂದಳು ಫೋನಿಗೆ.

ಮುಚ್ಚಿಟ್ಟದ್ದನ್ನು ಹೇಳಿದರೆ ಎದೆಯ ಭಾರ ಇಳಿಯುತ್ತದೆ ಅನ್ನುತ್ತಾರೆ. ಕಾಂಪೌಂಡರಿಗೆ ಹಾಗಾಗಲಿಲ್ಲ. ಹೆಂಡತಿ ಬಡಿಸುವಾಗ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಅವಳು ಕೋಣೆಗೆ ಬಂದರೆ ಏನೋ ನೆನಪಾದವರಂತೆ ಹೊರಗೆ ಹೋಗುತ್ತಿದ್ದರು. ಮಗಳ ದನಿ ಫೋನಿನಲ್ಲಿ ಕೇಳಿದರೆ ಸ್ನಾನದ ಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ದಿನ ಹೆಂಡತಿಗೆ ಹೇಳದೆ ವೀಸಾ ಏಜೆಂಟನ ಬಳಿ ಹೋಗಿ, ಅರ್ಜಿ ವಾಪಸು ತೆಗೆದುಬಿಡಿ ಎಂದರು. ಏಜೆಂಟ್ ಮನೆಗೆ ಫೋನ್ ಮಾಡಿ ಅವಳನ್ನು ಕೇಳಿದ. ವಾಪಸು ತೆಗೆಯುವುದು ಬೇಡವೆಂದಳು.

ಅಂದು ಮಾತ್ರ ಅವರ ದನಿ ಏರಿತು. "ಫೇಲಾಗೋದು ಗೊತ್ತಿದ್ದೂ ಪರೀಕ್ಷೆಗೆ ಯಾಕೆ ಕೂರಬೇಕು?"

"ಕೂರದೇ ಇದ್ರೆ ಇಬ್ಬರೂ ಫೇಲು," ಎಂದಳು ಅವಳು. ಅವರ ಇಸ್ತ್ರಿ ಮಾಡಿದ ಅಂಗಿಯನ್ನು ತಂದು ಕುರ್ಚಿಯ ಮೇಲಿಟ್ಟಳು.

ಗಡುವಿಗೆ ಒಂದೇ ದಿನ ಉಳಿದಿತ್ತು. ಅದೇ ನರ್ಸ್, ಅದೇ ಕುರ್ಚಿ. ಹೆಂಡತಿ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಕಾಂಪೌಂಡರ್ ಕಣ್ಣು ಮುಚ್ಚಿ ಬಾಯಿ ತೆರೆದರು.

ಮೂರು ವಾರದ ಮೇಲೆ ಏಜೆಂಟ್ ಇಬ್ಬರನ್ನೂ ಕರೆಸಿದ. ಮೊದಲು ನೀರು ಕೊಟ್ಟ. ಲಕೋಟೆಯಿಂದ ಕಾಗದ ತೆಗೆದು, ಕೆಟ್ಟ ಸುದ್ದಿ ಹೇಳುವವರ ಹಾಗೆ ಗಂಟಲು ಸರಿಮಾಡಿಕೊಂಡ.

"ಅಮ್ಮಾ, ನಿಮ್ಮದು ಮಗಳದ್ದರ ಜೊತೆ ಹೊಂದಿಲ್ಲ. ನಿಮ್ಮ ವೀಸಾ ಆಗಲ್ಲ."

ಅವಳು ತಲೆಯಾಡಿಸಿದಳು. ಕಾಂಪೌಂಡರ್ ಥಟ್ಟನೆ ಎದ್ದರು. ಅವಳ ಭುಜದ ಮೇಲೆ ಕೈಯಿಟ್ಟು, ನಡಿ, ಹೋಗೋಣ ಎಂದರು.

"ಕೂತ್ಕೊಳ್ಳಿ ಸರ್, ನಿಮ್ಮದು ಇನ್ನೂ ಓದಿಲ್ಲ." ಏಜೆಂಟ್ ಪುಟ ತಿರುಗಿಸಿದ. ಎರಡು ಸಲ ಓದಿದ. "ನಿಮಗೇನೂ ತೊಂದರೆ ಇಲ್ಲ. ನೀವು ಮಗಳ ಸ್ವಂತ ತಂದೆ ಅಂತ ಸಾಬೀತಾಗಿದೆ."

ಕಾಂಪೌಂಡರ್ ಕೂರಲಿಲ್ಲ. ಅವಳ ಭುಜದ ಮೇಲಿಟ್ಟ ಕೈಯನ್ನು ತೆಗೆಯಬೇಕೋ ಬಿಡಬೇಕೋ ತಿಳಿಯದೆ ನೆಲ ನೋಡುತ್ತ ನಿಂತರು. ಹೆಂಡತಿಯೇ ಆ ಕೈ ಹಿಡಿದು ಅವರನ್ನು ಕುರ್ಚಿಗೆ ಕೂರಿಸಿದಳು.

"ಅದಕ್ಕೇ ನಾನು ಹಟ ಹಿಡಿದದ್ದು," ಎಂದಳು ಏಜೆಂಟನಿಗೆ, "ಹೆತ್ತವರಲ್ಲಿ ಒಬ್ಬರಾದರೂ ಮಗಳ ಹತ್ತಿರ ಇರಲಿ ಅಂತ."