ಬಾಗಿಲು ಯಾರ ಪಾಲು

ಬೆಳಿಗ್ಗೆ ಏಳರೊಳಗೆ ಯಾರೂ ಕೈಮುಗಿಯದ ವಸ್ತು ಮನೆಯಿಂದ ಮಾಯವಾಗುತ್ತಿತ್ತು, ಮತ್ತೆ ಬರುತ್ತಿರಲಿಲ್ಲ. ಅದಕ್ಕೇ ಗಂಡ ಹೆಂಡತಿ ಪಾಲು ಹಂಚಿಕೊಂಡಿದ್ದರು. ಒಲೆ, ನಲ್ಲಿ, ಹೊಸ್ತಿಲು ನೀಲಗಂಗಾಳಿಗೆ. ಚಪ್ಪಲಿ, ಕನ್ನಡಕ, ಬಾಗಿಲು ಮಹಾರುದ್ರನಿಗೆ.

ಇಂದು ಏಳು ಹೊಡೆಯಿತು. ಅರಿಸಿನ ಹಚ್ಚಿದ ಹೊಸ್ತಿಲು ಹಾಗೇ ಇತ್ತು. ಬಾಗಿಲಿದ್ದಲ್ಲಿ ಬರೀ ಗೋಡೆ.

“ಬಾಗಲಕ್ಕ ಕೈ ಮುಗೀಲಿಲ್ಲೇನ್ರೀ?” ನೀಲಗಂಗಾ ಚೀರಿದಳು.

“ನೀ ಹೊಸ್ತಿಲ ಪೂಜಿ ಮಾಡಿದ್ಯಲ್ಲ, ಅದರಾಗ ಬಾಗಲಾನೂ ಬಂತು ಅನ್ಕೊಂಡೆ,” ಎಂದ ಮಹಾರುದ್ರ. “ದಿನಾ ಇರೋದು, ಎಲ್ಲಿ ಹೋಗ್ತದ ಅಂತ...”

ಹಾಲು ತರಲು ಹೋಗಿದ್ದ ಮಗಳು ಹೊರಗಿನಿಂದ ಗೋಡೆ ಬಡಿದಳು. “ಅಪ್ಪಾ, ಬಾಗಲಾ ತಗೀ!”

ದಿನವೂ ಇದೇ ಕೂಗಿಗೆ “ಏನವಸರ?” ಎಂದು ರೇಗುತ್ತಿದ್ದವನು, ಎರಡೂ ಕೈಯಿಂದ ಗೋಡೆಯ ಮೇಲೆ ಚಿಲಕ ಹುಡುಕತೊಡಗಿದ.