ಪಾಸ್ ಸಿಗದವನು

ಚೆಂಡು ಲಕ್ಷ್ಮೀಕಾಂತನದೇ ಟೀಮಿನ ಕ್ಯಾಪ್ಟನ್ ಚನ್ನೇಶನ ಕಾಲಲ್ಲೇ ಇತ್ತು. ಆದರೂ ಲಕ್ಷ್ಮೀಕಾಂತ್ ಅವನ ಮೊಣಕಾಲಿಗೆ ಜಾಡಿಸಿ ಒದ್ದು, ಚೆಂಡು ಕಿತ್ತುಕೊಂಡು ಗೋಲು ಹೊಡೆದ. ಹಿಂದೆಯೇ ಕೊನೆಯ ಸೀಟಿ. ಹಿರೇಹಳ್ಳಿ ಫ್ಯಾಕ್ಟರಿ ಟೀಮು ಆ ಒಂದೇ ಗೋಲಿನಿಂದ ಗೆದ್ದಿತು.

ಕೋಚ್ ಅಣ್ಣಯ್ಯಪ್ಪ ಓಡಿ ಬಂದರು. ನೆಲದ ಮೇಲೆ ಹೊರಳುತ್ತಿದ್ದ ಚನ್ನೇಶನನ್ನು ಕೇಳಿದರು: “ಗೋಲ್ ಮುಂದೇನೇ ನಿಂತಿದ್ನಲ್ಲೋ ಲಕ್ಷ್ಮೀಕಾಂತ. ಮ್ಯಾಚ್ ಪೂರ್ತಿ ಒಬ್ರೂ ಅವ್ನಿಗೆ ಒಂದ್ ಪಾಸ್ ಕೊಡ್ಲಿಲ್ವಲ್ಲ, ಯಾಕ್ಲಾ?”

“ಸ್ಟ್ರೈಕ್ ದಿನ ನಾವು ಗೇಟಲ್ಲಿ ಲಾಠಿ ಏಟು ತಿಂತಿದ್ರೆ, ಇವ್ನು ಒಳಗೋಗಿ ಮಿಷನ್ ಓಡಿಸ್ತಿದ್ದ. ಇವ್ನಿಗೆ ಪಾಸ್ ಬೇರೆ ಕೇಡು ಕಣಣ್ಣ!”

ಲಕ್ಷ್ಮೀಕಾಂತ್ ಅವನನ್ನು ಎಬ್ಬಿಸಲು ಕೈ ಚಾಚಿದ. ಚನ್ನೇಶ ಆ ಅಂಗೈಗೆ ಉಗಿದ. ಉಳಿದ ಆಟಗಾರರು ಲಕ್ಷ್ಮೀಕಾಂತನನ್ನು ಕೆಡವಿ, ಮುಖ ಮೋರೆ ನೋಡದೆ ಬೂಟುಗಾಲಲ್ಲಿ ಒದ್ದರು. ನಡುವೆ ನುಗ್ಗಿ ಅವನನ್ನು ಎತ್ತಿ ನಿಲ್ಲಿಸಿದವನು ಸೋತ ಟೀಮಿನ ಗೋಲ್‌ಕೀಪರ್ ಒಬ್ಬನೇ.